ಮಳೆಗಾಲದಲ್ಲಿ ಸಾಕು ಹಾವಿಗೆ ಶ್ವಾಸಕೋಶದ ಸೋಂಕು ತಗುಲಿದಾಗ

ಮಡಿಕೇರಿ, ಭಾಗಮಂಡಲದ ಕಡೆ ಮಳೆ ಹಿಡಿಯಿತೆಂದರೆ ಬಿಸಿಲು ಕಾಣುವುದೇ ಅಪರೂಪ. ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದಿರುವುದೂ ಉಂಟು. ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವನ್ನು ಸಾಕಿರುವವರು ಈ ತಿಂಗಳುಗಳಲ್ಲಿ ವಿಶೇಷ ಎಚ್ಚರ ವಹಿಸಬೇಕು. ಹಾವಿನ ಮೈ ಹೊರಗಿನ ಶಾಖವನ್ನೇ ಅವಲಂಬಿಸಿರುವುದರಿಂದ, ಗೂಡು ತಣ್ಣಗಾದಂತೆ ಅದರ ರೋಗನಿರೋಧಕ ಶಕ್ತಿಯೂ ಕುಗ್ಗಿ ಶ್ವಾಸಕೋಶಕ್ಕೆ ಸೋಂಕು ತಗುಲುತ್ತದೆ.

ಹಾವಿಗೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುಪದರ, ಇಲ್ಲ. ಕೆಮ್ಮಿ ಕಫ ಹೊರಹಾಕಲು ಅದಕ್ಕೆ ಸಾಧ್ಯವಿಲ್ಲ. ಆದ್ದರಿಂದಲೇ ಅದು ತಲೆಯನ್ನು ಮೇಲೆತ್ತಿ ಗಾಜಿಗೆ ಒರಗಿಸಿಕೊಂಡು, ಬಾಯಿ ಅರೆತೆರೆದು ಉಸಿರಾಡುತ್ತದೆ. ಪೊರೆ ಬಿಡುವ ಮುನ್ನ ಉಸಿರಿನಲ್ಲಿ ಸಣ್ಣ ಸಿಳ್ಳು ಕೇಳಿಸಬಹುದು, ಆದರೆ ಮೂಗಿನ ಹೊಳ್ಳೆಯಲ್ಲೋ ಬಾಯಿಯ ಅಂಚಿನಲ್ಲೋ ನೊರೆಗುಳ್ಳೆ ಕಂಡರೆ ಮರುದಿನದವರೆಗೂ ಕಾಯಬಾರದು.

ಮೊದಲು ಗೂಡಿನ ಬೆಚ್ಚಗಿನ ಬದಿಯನ್ನು ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದು ನಮ್ಮಲ್ಲಿ ವಾಡಿಕೆಯಾದರೂ, ಆ ಹೊಗೆ ಈಗಾಗಲೇ ಸೋತಿರುವ ಶ್ವಾಸಕೋಶಕ್ಕೆ ವಿಷವೇ ಸರಿ. ಇಲಿ ತಿನ್ನಿಸುವುದನ್ನು ನಿಲ್ಲಿಸಿ, ಬಲವಂತವಾಗಿಯಂತೂ ತಿನ್ನಿಸಲೇಬೇಡಿ. ಕುಡಿಯುವ ನೀರು ಸದಾ ಇರಲಿ.

ಊರಿನ ಪಶುವೈದ್ಯರು ಹೆಚ್ಚಾಗಿ ದನ, ನಾಯಿಗಳನ್ನು ನೋಡುವವರು. ಸರೀಸೃಪಗಳಿಗೆ ಚಿಕಿತ್ಸೆ ನೀಡುವ ವೈದ್ಯರನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ವಿಚಾರಿಸಿ, ಫೋನ್ ಮಾಡಿ ಖಚಿತಪಡಿಸಿಕೊಂಡೇ ಹೊರಡಿ. ಹಾವನ್ನು ದಿಂಬಿನ ಕವರಿಗೆ ಬಿಟ್ಟು, ಆ ಕವರಿನ ಬಾಯಿ ಕಟ್ಟಿ, ಗಾಳಿಗೆ ತೂತು ಮಾಡಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ಮೂಲೆಗಿಡಿ. ತೂಕದ ಲೆಕ್ಕ, ಕೊನೆಯ ಊಟದ ದಿನಾಂಕ, ಗೂಡಿನ ಉಷ್ಣಾಂಶದ ಟಿಪ್ಪಣಿ ಜೊತೆಗಿರಲಿ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಹಾವನ್ನು ನೋಂದಾಯಿಸಿದ ಪತ್ರವನ್ನೂ ಒಯ್ಯಿರಿ. 1972ರ ವನ್ಯಜೀವಿ ಕಾಯ್ದೆಯಂತೆ ನಮ್ಮ ಕೇರೆ, ನಾಗರಗಳನ್ನು ಸಾಕುವಂತಿಲ್ಲ. ತೋಟದಲ್ಲಿ ಅವು ಗಾಯಗೊಂಡು ಸಿಕ್ಕರೆ ಅರಣ್ಯ ಇಲಾಖೆಗೇ ತಿಳಿಸಬೇಕು.

ಸೆಫ್ಟಾಜಿಡೈಮ್‌ನಂಥ ಆ್ಯಂಟಿಬಯೋಟಿಕ್ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೂರು ದಿನಕ್ಕೊಮ್ಮೆ, ವಾರಗಳ ಕಾಲ ಕೊಡಬೇಕಾಗುತ್ತದೆ. ಮನೆಯಲ್ಲೇ ಕೊಡಲು ವೈದ್ಯರು ಒಪ್ಪಿದರೆ, ದೇಹದ ಮುಂಭಾಗದಲ್ಲಿ ಬೆನ್ನೆಲುಬಿನ ಪಕ್ಕದ ಸ್ನಾಯುವಿಗೆ, ಹುರುಪೆಗಳ ಸಂದಿನಲ್ಲಿ ಸೂಜಿ ಇಳಿಸುವುದನ್ನು ಅವರ ಎದುರಿನಲ್ಲೇ ಕಲಿಯಿರಿ. ನೊರೆ ನಿಂತಿತೆಂದು ಔಷಧಿಯನ್ನು ಅರ್ಧಕ್ಕೆ ಬಿಡಬೇಡಿ.

ಎಲ್ಲ ಪ್ರಯತ್ನದ ನಂತರವೂ ಅದು ಉಸಿರಿಗಾಗಿ ಒದ್ದಾಡುತ್ತಿದ್ದರೆ, ದಯಾಮರಣದ ಬಗ್ಗೆ ವೈದ್ಯರನ್ನು ನೇರವಾಗಿ ಕೇಳಿ. ನರಳಾಟವನ್ನು ಲಂಬಿಸುವುದು ಪ್ರೀತಿಯಲ್ಲ. "ಹಾವಿಗೇಕೆ ಇಷ್ಟು ಅಳು" ಎನ್ನುವವರ ಮಾತಿಗೆ ಕಿವಿಗೊಡಬೇಕಿಲ್ಲ. ಮನೆಯಲ್ಲಿ ಬೇರೆ ಹಾವುಗಳಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸುವುದು ಅಗತ್ಯ, ಏಕೆಂದರೆ ಸೋಂಕು ವೈರಸ್‌ನದಾಗಿದ್ದರೆ ಉಳಿದವನ್ನು ಪ್ರತ್ಯೇಕಿಸಬೇಕಾಗುತ್ತದೆ. ಅಲ್ಲಿಯವರೆಗೆ ದೇಹವನ್ನು ಫ್ರಿಜ್ಜಿನ ಕೆಳಭಾಗದಲ್ಲಿಡಿ, ಫ್ರೀಜರಿನಲ್ಲಿ ಬೇಡ.