ಅಣ್ಣ-ತಮ್ಮ ಕೂಡಿ ಫರ್ಮ್ ಮಾಡುವ ಮುನ್ನ ಪಗಾರ ಬರೆಸಿ

ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟವರ ಕಿರ್ದಿ ಬರೆಯುವುದು ನನ್ನ ಕೆಲಸ. ಅಪ್ಪನ ಹೆಸರಿನಲ್ಲಿದ್ದ ಧಂದೆಯನ್ನು ಮಕ್ಕಳು ಫರ್ಮ್ (ಪಾಲುದಾರಿಕೆ ಸಂಸ್ಥೆ) ಮಾಡಲು ಹೊರಟಾಗ ಎಲ್ಲರೂ ಮಾತಾಡುವುದು ಲಾಭದ ಪಾಲಿನ ಬಗ್ಗೆ. ನಾನು ಮೊದಲು ಕೇಳುವುದು, ಪಗಾರ ಎಷ್ಟು ಬರೆಸುತ್ತೀರಿ ಎಂದು. ತೆರಿಗೆ ಉಳಿಯುವುದೂ ಹೋಗುವುದೂ ಅಲ್ಲೇ.

ಆದಾಯ ತೆರಿಗೆಗೆ ಫರ್ಮ್ ಬೇರೆ, ನೀವು ಬೇರೆ. ಫರ್ಮಿನ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇ 30, ಸೆಸ್ ಸೇರಿ ಶೇ 31.2. ಅದು ಕಟ್ಟಿದ ಮೇಲೆ ನಿಮಗೆ ಬರುವ ಪಾಲಿಗೆ ಮತ್ತೆ ತೆರಿಗೆಯಿಲ್ಲ. ದುಡಿಯುವ ಪಾಲುದಾರನ ಪಗಾರ ಮತ್ತು ಬಂಡವಾಳದ ಬಡ್ಡಿ ಮಾತ್ರ ಫರ್ಮಿಗೆ ಖರ್ಚು. ಅವುಗಳ ತೆರಿಗೆ ನಿಮ್ಮ ಹೆಸರಿನಲ್ಲಿ, ನಿಮ್ಮ ದರದಲ್ಲಿ. 2025-26ರ ಆರ್ಥಿಕ ವರ್ಷಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ಇಂಥ ಆದಾಯ 12 ಲಕ್ಷ ದಾಟದಿದ್ದರೆ ತೆರಿಗೆ ಸೊನ್ನೆ.

ಮಿತಿಯೂ ಇದೆ. ಬಡ್ಡಿ ವರ್ಷಕ್ಕೆ ಶೇ 12ರವರೆಗೆ. ಪಗಾರಕ್ಕೆ, ಬಡ್ಡಿ ಕಳೆದ ಲಾಭದ ಮೊದಲ 6 ಲಕ್ಷದಲ್ಲಿ ಶೇ 90 ಅಥವಾ 3 ಲಕ್ಷ, ಯಾವುದು ಹೆಚ್ಚೋ ಅದು; ಉಳಿದದ್ದರಲ್ಲಿ ಶೇ 60. ಇದು ಎಲ್ಲ ಪಾಲುದಾರರಿಗೂ ಸೇರಿದ ಮಿತಿ.

ಇಬ್ಬರು ಅಣ್ಣ-ತಮ್ಮ, ತಲಾ 10 ಲಕ್ಷ ಬಂಡವಾಳ, ವರ್ಷದ ಲಾಭ 22.40 ಲಕ್ಷ ಎನ್ನಿ. ಬಡ್ಡಿ 2.40 ಲಕ್ಷ ಹೋದರೆ ಉಳಿದದ್ದು 20 ಲಕ್ಷ. ಪಗಾರಕ್ಕೆ ಮೊದಲ 6 ಲಕ್ಷದಲ್ಲಿ 5.40, ಉಳಿದ 14 ಲಕ್ಷದಲ್ಲಿ 8.40, ಒಟ್ಟು 13.80 ಲಕ್ಷ; ಅದನ್ನು ಇಬ್ಬರಿಗೂ ಸಮನಾಗಿ ಬರೆಸಿದ್ದಾರೆ ಎನ್ನಿ. ಫರ್ಮ್ ತೆರಿಗೆ ಕಟ್ಟುವುದು 6.20 ಲಕ್ಷಕ್ಕೆ, ಅಂದರೆ 1,93,440 ರೂಪಾಯಿ. ಒಬ್ಬೊಬ್ಬರ ಕೈಗೆ ಪಗಾರ, ಬಡ್ಡಿ ಸೇರಿ 8.10 ಲಕ್ಷ; ಬೇರೆ ಆದಾಯ ಇಲ್ಲದಿದ್ದರೆ ತೆರಿಗೆಯಿಲ್ಲ. ಪಾಲುದಾರಿಕೆ ಪತ್ರದಲ್ಲಿ ಪಗಾರ-ಬಡ್ಡಿ ಬರೆಸದೇ ಇದ್ದರೆ ಅದೇ ಫರ್ಮ್ ಕಟ್ಟಬೇಕಾದದ್ದು 6,98,880. ಐದು ಲಕ್ಷದ ಮೇಲೆ ಹೆಚ್ಚು! ಒಂದೆರಡು ಸಾಲು ಬರೆಸದೇ ಇದ್ದದ್ದಕ್ಕೆ ಇಷ್ಟು ಹಣ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಹಾಗೆಂದು ಹೇಗೆ ಬರೆದರೂ ನಡೆಯದು. 'ಪಗಾರವನ್ನು ಪಾಲುದಾರರು ಪರಸ್ಪರ ಒಪ್ಪಿ ನಿರ್ಧರಿಸುತ್ತಾರೆ' ಎಂಬ ಸಾಲು ಸಾಲದೆಂದು ಆದಾಯ ತೆರಿಗೆಯ 1996ರ 739ನೇ ಸುತ್ತೋಲೆಯೇ ಹೇಳಿದೆ. ಮೊತ್ತ ಬರೆಯಿರಿ, ಇಲ್ಲವೇ ಲೆಕ್ಕ ಹಾಕುವ ರೀತಿ ಬರೆಯಿರಿ. ಪತ್ರದ ತಾರೀಖಿಗೆ ಹಿಂದಿನ ಪಗಾರ ಖರ್ಚಾಗಿ ಸಿಗದು, ಆದ್ದರಿಂದ ಮಾರ್ಚ್‌ನಲ್ಲಿ ನೆನಪಾದರೆ ಪ್ರಯೋಜನವಿಲ್ಲ. ಹೆಸರಿಗಷ್ಟೇ ಪಾಲುದಾರಳಾಗಿ ಕೆಲಸ ಮಾಡದ ಮನೆಯವರಿಗೆ ಪಗಾರ ಹಾಕಬೇಡಿ; ಅವರಿಗೆ ಬಡ್ಡಿ, ಪಾಲು ಸಾಕು.

2025ರ ಏಪ್ರಿಲ್ 1ರಿಂದ ಇನ್ನೊಂದು ಸೇರಿದೆ. ಒಬ್ಬ ಪಾಲುದಾರನ ಪಗಾರ-ಬಡ್ಡಿ ವರ್ಷಕ್ಕೆ 20,000 ದಾಟಿದರೆ ಫರ್ಮ್ ಶೇ 10 ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಹಿಡಿಯಬೇಕು, ಹಣ ಕೊಡದೆ ಬಂಡವಾಳದ ಖಾತೆಗೆ ಜಮಾ ಮಾಡಿದರೂ. ಅದನ್ನು ಕಟ್ಟಲು ಬೇಕಾದ ನಂಬರ್, ಟ್ಯಾನ್, ಮೊದಲೇ ಮಾಡಿಸಿ. ತೆರಿಗೆ ಬೀಳದವರು ರಿಟರ್ನ್ ಹಾಕಿ ಮರಳಿ ಪಡೆಯಬಹುದು.

ವಹಿವಾಟು 2 ಕೋಟಿಯೊಳಗೆ (ನಗದು ಜಮೆ ಶೇ 5ರೊಳಗಿದ್ದರೆ 3 ಕೋಟಿ) ಇದ್ದರೆ ಬ್ಯಾಂಕಿನಲ್ಲಿ ಬಂದ ಹಣಕ್ಕೆ ಶೇ 6, ನಗದಿಗೆ ಶೇ 8 ಲಾಭ ತೋರಿಸಿ ಮುಗಿಸುವ ದಾರಿಯೂ ಇದೆ. ಒಬ್ಬರ ಹೆಸರಿನ ಧಂದೆಗೆ ಅದು ಒಳ್ಳೆಯದು. ಫರ್ಮಿಗೆ ನಾನು ಹೇಳುವುದಿಲ್ಲ: ಆ ದಾರಿಯಲ್ಲಿ ಪಗಾರ, ಬಡ್ಡಿ ಬೇರೆ ಕಳೆಯಲು ಬರುವುದಿಲ್ಲ; 9 ಲಕ್ಷ ತೋರಿಸಿದರೆ 2,80,800 ಕಟ್ಟಲೇಬೇಕು. ಎಲ್‌ಎಲ್‌ಪಿಗಂತೂ (ಸೀಮಿತ ಹೊಣೆಯ ಪಾಲುದಾರಿಕೆ) ಆ ದಾರಿಯೇ ಇಲ್ಲ. ಇದನ್ನು ಕೇಳಿ ಕೆಲವರು ಒಂದೇ ಶೆಡ್ಡಿನ ಮಗ್ಗಗಳನ್ನು ಕಾಗದದಲ್ಲಷ್ಟೇ ಇಬ್ಬರ ಹೆಸರಿಗೆ ಒಡೆಯೋಣವೇ ಎನ್ನುತ್ತಾರೆ. ನೂಲಿನ ಖರೀದಿ, ಕರೆಂಟ್ ಬಿಲ್ಲು, ಕೂಲಿ ಎಲ್ಲ ಒಂದೇ ಇದ್ದಾಗ ಅದು ಸುಳ್ಳು ಲೆಕ್ಕ. ಮಾಡಬೇಡಿ.

ಫರ್ಮಿನ ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ನೋಂದಣಿ ಇಲ್ಲದ ಫರ್ಮ್ ಸೀರೆಯ ಬಾಕಿಗಾಗಿ ವ್ಯಾಪಾರಿಯ ಮೇಲೆ ದಾವೆ ಹೂಡಲಾಗದು. ಹೊಸ ಪ್ಯಾನ್ ಬಂದಾಗ ಜಿಎಸ್‌ಟಿ ನಂಬರೂ ಹೊಸದು. ಹಳೆಯ ನಂಬರಿನಲ್ಲಿ ಉಳಿದ ಕ್ರೆಡಿಟ್ಟನ್ನು (ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿಯ ಜಮೆ) ಐಟಿಸಿ-02 ಫಾರ್ಮಿನಲ್ಲಿ ಫರ್ಮಿಗೆ ದಾಟಿಸಿ, ಆಮೇಲೆ ಆ ನಂಬರ್ ರದ್ದು ಮಾಡಿಸಿ.