ಅಧ್ಯಕ್ಷರ ಮೊಬೈಲಿನೊಳಗಿನ ಸಂಘವನ್ನು ಹೊರತೆಗೆಯುವುದು ಹೇಗೆ?

ಪಾದಚಾರಿಗಳ ಪರ ದನಿಯೆತ್ತುವ ಸಂಘಗಳು ಹೆಚ್ಚಾಗಿ ಒಬ್ಬರ ಹಟದಿಂದ ಹುಟ್ಟಿರುತ್ತವೆ. ಎಂಜಿನಿಯರುಗಳ ನಂಬರ್, ಆರ್‌ಟಿಐ ಉತ್ತರ, ಫೇಸ್‌ಬುಕ್ ಪಾಸ್‌ವರ್ಡ್ ಎಲ್ಲವೂ ಅವರೊಬ್ಬರ ಫೋನಿನಲ್ಲೇ. ಅವರು ಇಳಿಯುವ ದಿನ ಶಾಲು ಹೊದಿಸುವುದು ಸುಲಭ. ಮರುದಿನ ಬ್ಯಾಂಕಿನ ಒಟಿಪಿ ಯಾರಿಗೆ ಬರುತ್ತದೆ? ಆರು ತಿಂಗಳು ಮುಂಚೆಯೇ ಹಸ್ತಾಂತರದ ಕೆಲಸ ಶುರುವಾಗಬೇಕು.

ಅಧಿಕಾರ ಹಸ್ತಾಂತರಕ್ಕೆ ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಮಳೆ ನಿಂತಿರುತ್ತದೆ, ಪಾಲಿಕೆ ಬಜೆಟ್ಟಿಗೆ ಸಲಹೆ ಕೊಡುವಷ್ಟರಲ್ಲಿ ಹೊಸಬರು ಕುರ್ಚಿಯಲ್ಲಿರುತ್ತಾರೆ. ಮಾರ್ಚ್ ಮಾತ್ರ ಬೇಡ: ಎಂಜಿನಿಯರುಗಳು ಬಿಲ್ಲುಗಳಲ್ಲಿ, ನಿಮ್ಮ ಖಜಾಂಚಿ ಲೆಕ್ಕದಲ್ಲಿ ಮುಳುಗಿರುತ್ತಾರೆ. ಬೈಲಾ ಪ್ರಕಾರ ಚುನಾವಣೆ ಬೇರೆ ತಿಂಗಳಲ್ಲಿ ಬರುವುದಾದರೆ, ಮುಂದೆ ಬರಬೇಕಾದವರನ್ನು ಒಂದು ಅವಧಿ ಮೊದಲೇ ಜಂಟಿ ಕಾರ್ಯದರ್ಶಿಯಾಗಿ ಕೂರಿಸಿ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಬ್ಯಾಂಕು. ಕಾರ್ಯಕಾರಿ ಸಮಿತಿಯ ಠರಾವಿನಲ್ಲಿ ಯಾರ ಸಹಿ ತೆಗೆಯಬೇಕು, ಯಾರದು ಸೇರಿಸಬೇಕು ಎಂಬ ಎರಡನ್ನೂ ಬರೆಯಿರಿ. ಒಂದೇ ಬರೆದರೆ ಶಾಖೆಯವರು ವಾಪಸ್ ಕಳಿಸುತ್ತಾರೆ. ಹೊಸಬರ ಹೆಸರು ಠರಾವು, ಪ್ಯಾನ್, ಆಧಾರ್ ಮೂರರಲ್ಲೂ ಒಂದೇ ರೀತಿ ಇರಲಿ. ನಮ್ಮ ಕಡೆಯ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಬಿಡಿಸಿ ಹಿಂದೆ ಬಂದು ಅರ್ಜಿ ವಾರಗಟ್ಟಲೆ ನಿಲ್ಲುತ್ತದೆ. ಸಹಿ ಮಾಡುವ ಮೂವರನ್ನೂ ಒಂದೇ ದಿನ ಬದಲಿಸಬೇಡಿ. ಹೊಸ ಸಹಿಯಲ್ಲಿ ಒಂದು ಚೆಕ್ ಪಾಸಾಗುವವರೆಗೆ ಹಳಬರೊಬ್ಬರು ಇರಲೇಬೇಕು, ಇಲ್ಲವಾದರೆ ಸಿಬ್ಬಂದಿ ಸಂಬಳ ನಿಲ್ಲುತ್ತದೆ. ನೆಟ್‌ಬ್ಯಾಂಕಿಂಗ್, ಆದಾಯ ತೆರಿಗೆ ಪೋರ್ಟಲ್, ಇಮೇಲ್‌ಗಳಲ್ಲಿ ನೋಂದಾಯಿಸಿದ ಮೊಬೈಲ್ ನಂಬರನ್ನು ಹಳಬರು ಎದುರಿಗೆ ಕೂತಿರುವಾಗಲೇ ಬದಲಿಸಿ. ಸಂಘಕ್ಕೆಂದೇ ಒಂದು ಸಿಮ್ ಇದ್ದರೆ ಈ ತಾಪತ್ರಯವೇ ಇಲ್ಲ.

ಸರ್ಕಾರಕ್ಕೆ ತಿಳಿಸುವ ಗಡುವು ನೋಂದಣಿಯ ಬಗೆಯ ಮೇಲೆ ಹೋಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಇರುವವರು ವಾರ್ಷಿಕ ಸರ್ವಸದಸ್ಯರ ಸಭೆಯಾದ 14 ದಿನದೊಳಗೆ ಹೊಸ ಆಡಳಿತ ಮಂಡಳಿಯ ಪಟ್ಟಿಯನ್ನು ಲೆಕ್ಕಪತ್ರದ ಜೊತೆ ನೋಂದಣಾಧಿಕಾರಿಗೆ ಕೊಡಬೇಕು. ಸೆಕ್ಷನ್ 8 ಕಂಪನಿಯಾದರೆ (ಲಾಭದ ಉದ್ದೇಶವಿಲ್ಲದ ಕಂಪನಿ) 30 ದಿನದೊಳಗೆ ನಿರ್ದೇಶಕರ ಬದಲಾವಣೆ ತಿಳಿಸುವ ಫಾರಂ ಡಿಐಆರ್-12. ವಿದೇಶಿ ದೇಣಿಗೆ ಪಡೆಯುವವರಿಗೆ 45 ದಿನದೊಳಗೆ ಪದಾಧಿಕಾರಿಗಳ ಬದಲಾವಣೆ ತಿಳಿಸುವ ಫಾರಂ ಎಫ್‌ಸಿ-6ಇ.

ಈಗ ಬಹುತೇಕರು ಮರೆಯುವ ವಿಷಯ. ಆರ್‌ಟಿಐ ಅರ್ಜಿಯನ್ನು ವ್ಯಕ್ತಿಯ ಹೆಸರಲ್ಲಿ ಹಾಕಿರುತ್ತೀರಿ, ಮೇಲ್ಮನವಿಯೂ ಅದೇ ವ್ಯಕ್ತಿಯದಾಗಿರಬೇಕು. ಮಾಹಿತಿ ಅಧಿಕಾರಿಗೆ ಉತ್ತರಿಸಲು 30 ದಿನ. ಉತ್ತರ ಬಂದ ಮೇಲೆ ಅಥವಾ ಆ ಗಡುವು ಮೀರಿದ ಮೇಲೆ ಮೊದಲ ಮೇಲ್ಮನವಿಗೆ ನಿಮಗೆ 30 ದಿನ, ಎರಡನೆಯದಕ್ಕೆ 90 ದಿನ. ಇಳಿಯುತ್ತಿರುವವರ ಹೆಸರಿನ ಬಾಕಿ ಅರ್ಜಿಗಳನ್ನೆಲ್ಲ ತಾರೀಖಿನ ಸಮೇತ ಪಟ್ಟಿ ಮಾಡಿ. ಗಡುವು ದಾಟಿದ್ದನ್ನು ಎಳೆದಾಡುವ ಬದಲು ಹೊಸಬರ ಹೆಸರಲ್ಲಿ ಮತ್ತೆ ಹಾಕುವುದೇ ವಾಸಿ. ಹೈಕೋರ್ಟಿನ ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಸಂಘದ ಹೆಸರಲ್ಲಿದ್ದರೆ ಹೊಸಬರಿಗೆ ಅಧಿಕಾರ ಕೊಡುವ ಠರಾವನ್ನು ವಕೀಲರಿಗೆ ತಲುಪಿಸಿ. ವ್ಯಕ್ತಿಯ ಹೆಸರಲ್ಲಿದ್ದರೆ ಅವರು ಸಂಘ ಬಿಟ್ಟರೂ ಅರ್ಜಿದಾರರೇ. ಮುಂದಿನ ಖರ್ಚು ಯಾರದು, ಕೋರ್ಟಿನ ಹೊರಗೆ ಮಾತಾಡುವವರು ಯಾರು ಎಂಬುದನ್ನು ಬರಹದಲ್ಲಿ ತೀರ್ಮಾನಿಸಿ.

ನಿಜವಾದ ಹಸ್ತಾಂತರ ನಡೆಯುವುದು ಫುಟ್‌ಪಾತಿನ ಮೇಲೆ. ಸಂಘ ಬೆನ್ನು ಹತ್ತಿರುವ ಹತ್ತು ಜಾಗಗಳಲ್ಲಿ ಹಳಬರು, ಹೊಸಬರು ಒಟ್ಟಿಗೆ ನಡೆಯಬೇಕು. ಟೇಪು ಹಿಡಿದು ಹೋಗಿ: ಐಆರ್‌ಸಿ 103 (ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಸೌಕರ್ಯ ಮಾರ್ಗಸೂಚಿ) ಪ್ರಕಾರ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಎತ್ತರ 2.2 ಮೀಟರ್. ಎಲ್ಲಿ ಕಡಿಮೆ, ಅಡ್ಡ ಇರುವುದು ಬೆಸ್ಕಾಂ ಟ್ರಾನ್ಸ್‌ಫಾರ್ಮರೋ, ಜಲಮಂಡಳಿ ಅಗೆದು ಬಿಟ್ಟ ಗುಂಡಿಯೋ, ಮುರಿದ ಚಪ್ಪಡಿಯೋ, ಕೊನೆಯ ಪತ್ರ ಯಾರಿಗೆ ಯಾವಾಗ ಹೋಯಿತು ಎಂದು ಜಾಗಕ್ಕೊಂದು ಪುಟದಂತೆ ಬರೆಯಿರಿ. ಅಧಿಕಾರಿಯ ಹೆಸರಿಗಿಂತ ಹುದ್ದೆ ಮುಖ್ಯ, ಹೆಸರು ವರ್ಗಾವಣೆಯೊಂದಿಗೆ ಹೋಗುತ್ತದೆ. 2025ರ ಸೆಪ್ಟೆಂಬರ್ 2ರಂದು ಬೆಂಗಳೂರಿನಲ್ಲಿ ಬಿಬಿಎಂಪಿ ಬದಲು ಐದು ನಗರ ಪಾಲಿಕೆಗಳು ಬಂದ ಮೇಲೆ ಹಳೆಯ ವಿಳಾಸ ಪಟ್ಟಿಗೆ ಬೆಲೆಯಿಲ್ಲ. ಪ್ರತಿ ಜಾಗದ ಎದುರು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮಗಳಲ್ಲಿ ಯಾವುದು ಎಂದು ನಮೂದಿಸಿ.

ಬೀದಿ ವ್ಯಾಪಾರಿಗಳ ಬಗ್ಗೆ ಸಂಘದ ನಿಲುವನ್ನು ಮೊದಲೇ ಒಂದು ಪುಟದಲ್ಲಿ ಬರೆದಿಡಿ. ಹೊಸ ಅಧ್ಯಕ್ಷರು ಬಂದ ವಾರದಲ್ಲೇ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು 'ಗಾಡಿಗಳನ್ನು ಎತ್ತಿಸಿ' ಎಂದು ಬರುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ವ್ಯಾಪಾರಿಗಳನ್ನು ಒಕ್ಕಲೆಬ್ಬಿಸುವಂತಿಲ್ಲ ಎಂಬುದು ಗೊತ್ತಿಲ್ಲದೆ ಹೂಂಗುಟ್ಟಿದರೆ, ವರ್ಷಗಟ್ಟಲೆ ಗಳಿಸಿದ ನಂಬಿಕೆ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ.

ಹಳಬರಿಗೆ 'ಶಾಶ್ವತ ಸಲಹೆಗಾರ' ಎಂಬ ಪದವಿ ಕೊಡಬೇಡಿ. ಅಧಿಕಾರಿಗಳು ಅವರಿಗೇ ಫೋನ್ ಮಾಡುತ್ತಿರುತ್ತಾರೆ. ಮೂರು ತಿಂಗಳು ಕೇಳಿದ್ದಕ್ಕೆ ಉತ್ತರ ಕೊಡಲಿ, ಪತ್ರಕರ್ತರು ಕರೆದರೆ ಹೊಸಬರ ನಂಬರ್ ಕೊಡಲಿ. ನಾಲ್ಕನೇ ತಿಂಗಳು ವಾಟ್ಸಾಪ್ ಗುಂಪಿನ ಅಡ್ಮಿನ್ ಪಟ್ಟಿಯಿಂದ ಅವರ ಹೆಸರು ತೆಗೆಯಿರಿ, ಅವರಿಗೆ ಮೊದಲೇ ಹೇಳಿ.