ಚಾಟ್ನಿ ಹೊತ್ತಿನಲ್ಲಿ ಹೆಗಲು ಹಿಡಿದರೆ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದಲ್ಲಿ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಸವರುವ ಕೆಲಸ, ಶುರುವಾಯಿತೆಂದರೆ ದ್ರಾಕ್ಷಿ ಪಡದಲ್ಲಿ ದಿನವಿಡೀ ಮುಖ ಮೇಲೆತ್ತಿ, ಕೈ ಎತ್ತಿ ಕತ್ತರಿ ಆಡಿಸುವ ಕೆಲಸ. ನಾಲ್ಕೈದು ದಿನಕ್ಕೆ ಕುತ್ತಿಗೆಯ ಬುಡದಿಂದ ಹೆಗಲಿನವರೆಗೆ ಬಿಗಿತ ಕೂರುತ್ತದೆ. ಇಳಕಲ್ಲಿನ ಕುಣಿಮಗ್ಗದಲ್ಲಿ ಬಗ್ಗಿ ಕೂರುವ ನೇಕಾರರೂ ಇದೇ ಜಾಗ ತೋರಿಸುತ್ತಾರೆ. ಇಂಥ ನೋವನ್ನು ಮನೆಯವರೇ ಕೈಯಿಂದ ಹದಕ್ಕೆ ತರಬಹುದು.

ಕೈ ಹಚ್ಚುವ ಮೊದಲು ನಾಲ್ಕು ಮಾತು ಕೇಳಿ. ನೋವು ತೋಳಿನಿಂದ ಬೆರಳಿನವರೆಗೆ ಇಳಿದು ಜೋಮು ಹಿಡಿಯುತ್ತದೆಯೇ? ಕತ್ತರಿಯ ಹಿಡಿತ ಸಡಿಲವಾಗಿದೆಯೇ? ಬಿದ್ದ ಮೇಲೆ ಬಂದ ನೋವೇ, ಅಥವಾ ಜ್ವರವೂ ಇದೆಯೇ? ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ನುಂಗುತ್ತಿದ್ದಾರೆಯೇ? ಒಂದಕ್ಕೆ ಹೌದು ಎಂದರೂ ತಿಕ್ಕುವುದು ಬೇಡ, ಡಾಕ್ಟರಿಗೆ ತೋರಿಸಿ. ಹೆಗಲ ನೋವಿನ ಜೊತೆ ಎದೆ ಬಿಗಿತ, ತಣ್ಣನೆ ಬೆವರು, ಏದುಸಿರು ಇದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಮೇಜಿನ ಮೇಲೆ ದಿಂಬು ಇಟ್ಟು, ಅದರ ಮೇಲೆ ಕೈ ಮಡಚಿ ಹಣೆ ಊರಿ ಕೂರಲು ಹೇಳಿ. ತಲೆ ನಾಲ್ಕೈದು ಕೆ.ಜಿ. ತೂಗುತ್ತದೆ. ಅದು ಎಲ್ಲಿಯೂ ಊರಿಕೊಳ್ಳದಿದ್ದರೆ ಕುತ್ತಿಗೆಯ ಸ್ನಾಯು ಅದನ್ನು ಹೊತ್ತೇ ಇರುತ್ತದೆ, ಎಷ್ಟು ತಿಕ್ಕಿದರೂ ಸಡಿಲಾಗುವುದಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು 10 ನಿಮಿಷ ಹೊದಿಸಿ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕುಂದಿದವರಿಗೆ ಬಿಸಿ ತಿಳಿಯದು, ಆದ್ದರಿಂದ ಮೊದಲು ನಿಮ್ಮ ಕೈಗೆ ಮುಟ್ಟಿಸಿ ನೋಡಿ. ಎಣ್ಣೆ ಒಂದು ಚಮಚ ಸಾಕು. ಕುಸುಬಿ ಎಣ್ಣೆಯಾದರೂ ಸರಿ, ಕೊಬ್ಬರಿ ಎಣ್ಣೆಯಾದರೂ ಸರಿ, ಚರ್ಮ ಎಳೆಯದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಹೆಚ್ಚು ಸುರಿದರೆ ಬೆರಳು ಜಾರಿ ಸ್ನಾಯುವಿನ ಬಿಗಿದ ಗಂಟು ಕೈಗೆ ಸಿಗುವುದಿಲ್ಲ.

ಎರಡು ಮೂರು ನಿಮಿಷ ಅಂಗೈಯನ್ನು ಕುತ್ತಿಗೆಯಿಂದ ಹೆಗಲಿನತ್ತ ನಿಧಾನ ಜಾರಿಸಿ. ಆಮೇಲೆ ಜೋಳದ ಹಿಟ್ಟು ನಾದುವಂತೆ ಅಂಗೈ ಬುಡ ಮತ್ತು ಬೆರಳುಗಳ ನಡುವೆ ಸ್ನಾಯುವನ್ನು ಹಿಡಿದೆತ್ತಿ ಬಿಡಿ. ಬೆನ್ನೆಲುಬಿನ ಮೇಲೆ ಒತ್ತಬೇಡಿ. ಕುತ್ತಿಗೆಯ ಮುಂಭಾಗಕ್ಕಂತೂ ಬೆರಳು ಹೋಗಲೇಬಾರದು, ಮಿದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲಿವೆ.

ಇನ್ನು ಗಂಟು. ಎರಡು ಕಡೆ ಹುಡುಕಿ: ಕುತ್ತಿಗೆಯ ಬುಡ ಮತ್ತು ಹೆಗಲ ತುದಿಯ ನಟ್ಟನಡುವೆ, ಹಾಗೂ ರೆಕ್ಕೆ ಎಲುಬಿನ (ಹೆಗಲ ಹಿಂದೆ ಬೆನ್ನ ಮೇಲಿರುವ ಚಪ್ಪಟೆ ಎಲುಬು) ಒಳಗಿನ ಮೇಲ್ಮೂಲೆಯಲ್ಲಿ. ಬೆರಳು ಆಡಿಸಿದಾಗ ಗಟ್ಟಿ ಎಳೆಯೊಂದು ಸಿಕ್ಕು, ‘ಹಾಂ, ಅಲ್ಲೇ’ ಎಂಬ ಮಾತು ಬಂದರೆ ಅದೇ ಜಾಗ. ಒಂದು ಹೆಬ್ಬೆರಳ ಮೇಲೆ ಇನ್ನೊಂದನ್ನು ಇಟ್ಟು, ಮೊಣಕೈ ನೆಟ್ಟಗೆ ಮಾಡಿ, ಮೈಭಾರ ಸ್ವಲ್ಪ ಸ್ವಲ್ಪವೇ ಬಿಡಿ. ಬರೀ ಹೆಬ್ಬೆರಳ ಬಲದಿಂದ ಒತ್ತಿದರೆ ಅದರ ಕೀಲು ಹಿಂದಕ್ಕೆ ಬಾಗಿ, ಒತ್ತಿದವರಿಗೇ ನೋವು ಶುರುವಾಗುತ್ತದೆ. ನೋವು ಹತ್ತಕ್ಕೆ ಐದರಷ್ಟು ಬಂದಾಗ ನಿಲ್ಲಿಸಿ, 30ರಿಂದ 60 ಸೆಕೆಂಡು ಅಲ್ಲಾಡದೆ ಹಿಡಿಯಿರಿ. ನೋವು ತಾನಾಗಿ ಇಳಿಯತೊಡಗಬೇಕು. ಇಳಿಯದಿದ್ದರೆ, ಇಲ್ಲವೇ ಅವರು ಉಸಿರು ಬಿಗಿಹಿಡಿದರೆ, ಭಾರ ಜಾಸ್ತಿಯಾಗಿದೆ ಎಂದರ್ಥ. ಒಂದು ಜಾಗಕ್ಕೆ ಮೂರು ಸಲ ಸಾಕು.

ಗರಡಿಮನೆಯ ರಟ್ಟೆಬಲ ಇಲ್ಲಿ ಬೇಡ. ಒತ್ತಿದರೆ ಗಂಟು ಒಡೆದುಹೋಗುವುದಿಲ್ಲ, ನೋವಿನ ಸೂಕ್ಷ್ಮತೆ ಕೆಲಹೊತ್ತು ತಗ್ಗುತ್ತದೆ, ಅಷ್ಟೇ. ಬಲ ಹೆಚ್ಚಿಸಿದರೆ ಸ್ನಾಯು ಇನ್ನಷ್ಟು ಬಿಗಿದುಕೊಂಡು ಮರುದಿನ ಚರ್ಮ ಕಂದುತ್ತದೆ. ಒಂದೆರಡು ದಿನ ಸಣ್ಣ ಮೈಕೈ ನೋವು ಇರಬಹುದು. ಅದಕ್ಕಿಂತ ಹೆಚ್ಚು ಉಳಿದರೆ ಮುಂದಿನ ಸಲ ಭಾರ ಅರ್ಧ ಮಾಡಿ.

ನೋವು ತಗ್ಗಿದ ಆ ಹೊತ್ತೇ ಮುಖ್ಯ, ಅದನ್ನು ಮಲಗಿ ಕಳೆಯಬಾರದು. ಬಲ ಹೆಗಲು ಹಿಡಿದಿದ್ದರೆ ಮುಖವನ್ನು ಎಡಕ್ಕೆ ಅರ್ಧ ತಿರುಗಿಸಿ, ಮೂಗನ್ನು ಎಡ ಕಂಕುಳತ್ತ ಇಳಿಸಿ. ಎಡಗೈಯನ್ನು ತಲೆಯ ಹಿಂದೆ ಇಟ್ಟುಕೊಳ್ಳಿ, ಜಗ್ಗಬೇಡಿ, ಕೈಯ ಭಾರವೇ ಸಾಕು. 20ರಿಂದ 30 ಸೆಕೆಂಡು, ಮೂರು ಸಲ. ಬಳಿಕ ಎರಡೂ ರೆಕ್ಕೆ ಎಲುಬು ಹಿಂದಕ್ಕೆ ಕೂಡಿಸಿ ಐದು ಸೆಕೆಂಡು ಹಿಡಿದು ಬಿಡಿ, ಹತ್ತು ಸಲ. ತಿಕ್ಕಿಸಿಕೊಂಡು ಇದನ್ನು ಬಿಟ್ಟವರಿಗೆ ಬಿಗಿತ ಬೇಗನೆ ಮರಳುತ್ತದೆ.

ಕ್ಷೌರದ ಕೊನೆಗೆ ತಲೆ ಹಿಡಿದು ಲಟಕ್ಕನೆ ತಿರುಗಿಸುವ ಪದ್ಧತಿಗೆ ಮಾತ್ರ ಖಡಾಖಂಡಿತವಾಗಿ ಬೇಡ ಎನ್ನಿ. ಸದ್ದು ಬಂದರೆ ಹಗುರಾದಂತೆ ಅನ್ನಿಸುವುದು ನಿಜ. ಆದರೆ ಅಪರೂಪಕ್ಕಾದರೂ ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಹೊಡೆದದ್ದುಂಟು.

ಪಡದಲ್ಲಿ ಕಡ್ಡಿ ಹೆಗಲಿನ ಮಟ್ಟಕ್ಕಿಂತ ತೀರ ಮೇಲಿದ್ದರೆ ಗಟ್ಟಿಯಾದ ಗಿಡ್ಡ ಸ್ಟೂಲು ಹತ್ತಿ ನಿಲ್ಲಿ. ಅರ್ಧ ಗಂಟೆಗೊಮ್ಮೆ ಕೈ ಕೆಳಗಿಳಿಸಿ, ಗದ್ದ ಎದೆಗೆ ತಾಗಿಸಿ. ಮೊಂಡು ಕತ್ತರಿಗೆ ಪ್ರತಿ ಕಡ್ಡಿಗೂ ಹೆಚ್ಚು ಬಲ ಬೇಕು, ಬೆಳಗ್ಗೆಯೇ ಮಸೆದಿಟ್ಟುಕೊಳ್ಳಿ. ಎರಡು ವಾರವಾದರೂ ತಗ್ಗದಿದ್ದರೆ, ಅಥವಾ ಕೈ ಎತ್ತಿ ತಲೆ ಬಾಚಿಕೊಳ್ಳಲೂ ಆಗದಿದ್ದರೆ, ಅದು ಹೆಗಲ ಕೀಲಿನ ತೊಂದರೆ ಇರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು, ಫಿಸಿಯೋಥೆರಪಿಸ್ಟರಿಗೆ ತೋರಿಸಿ.